ಫ್ರಾಕಿನ ಅಂಚು ಬಿಚ್ಚಿದ್ದು ಯಾರು

ಟೇಲರಮ್ಮನಿಗೆ ಗುಮಾನಿ ಇವತ್ತು ನಿನ್ನೆ ಅಂಟಿದ ಗುಣವಲ್ಲ. ಹುಡುಗಿಯಾಗಿದ್ದಾಗ ದೊಡ್ಡಮ್ಮನ ಹೊಲಿಗೆ ಅಂಗಡಿಯಲ್ಲಿ ಕೆಲಸ ಕಲಿಯಲು ಕೂತವಳು ಮೊದಲು ಕಲಿತದ್ದು ಸೂಜಿಗೆ ದಾರ ಪೋಣಿಸುವುದನ್ನಲ್ಲ, ಗಿರಾಕಿ ತಂದ ಬಟ್ಟೆಯನ್ನು ಅವರ ಕಣ್ಣೆದುರೇ ಅಳೆದಿಡುವುದನ್ನು. "ಆಮೇಲೆ ಅರ್ಧ ಮೀಟರು ನಾವೇ ನುಂಗಿದ್ವಿ ಅಂತಾರೆ," ಅನ್ನುತ್ತಿದ್ದಳು ದೊಡ್ಡಮ್ಮ. ಆ ಪಾಠ ಹುಡುಗಿಯ ರಕ್ತಕ್ಕೇ ಇಳಿದುಬಿಟ್ಟಿತು. ಮದುವೆಯಾಗಿ, ತನ್ನದೇ ಅಂಗಡಿ ಇಟ್ಟ ಮೇಲೂ ಹಾಲಿನ ಪ್ಯಾಕೆಟ್ಟನ್ನು ಕೈಯಲ್ಲಿ ತೂಗಿ ನೋಡದೆ ಒಳಗೆ ತರುತ್ತಿರಲಿಲ್ಲ, ಔಷಧಿ ಅಂಗಡಿಯವನು ಕೊಟ್ಟ ಮಾತ್ರೆಯ ತಾರೀಖು ಓದದೆ ಮೆಟ್ಟಿಲಿಳಿಯುತ್ತಿರಲಿಲ್ಲ, ಹಾಕಿದ ಬೀಗವನ್ನು ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಜಗ್ಗುತ್ತಿದ್ದಳು. ಗಂಡ ಲಿಫ್ಟ್ ಮೆಕ್ಯಾನಿಕ್, ತಮಾಷೆಯ ಮನುಷ್ಯ. "ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರನ್ನ ನಾನು ಬಿಡಿಸ್ತೀನಿ. ಇವಳ ಕಣ್ಣಿಗೆ ಸಿಕ್ಕಿಹಾಕ್ಕೊಂಡವರನ್ನ ಬಿಡಿಸೋ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ," ಎಂದು ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದ. ಅವಳು ಮುಖ ಊದಿಸಿಕೊಳ್ಳುತ್ತಿದ್ದಳೇ ಹೊರತು ಬೀಗ ಜಗ್ಗುವುದನ್ನು ಬಿಡಲಿಲ್ಲ.

ಅಂಗಡಿ ಇದ್ದದ್ದು ಎರಡಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಒಂದು ಹೊಲಿಗೆ ಯಂತ್ರ, ಬಟ್ಟೆಯ ಅಂಚಿನ ನೂಲು ಬಿಡದಂತೆ ಕಟ್ಟುವ ಒಂದು ಓವರ್‌ಲಾಕ್ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಆಳೆತ್ತರದ ಕನ್ನಡಿ, ಅದರ ಮುಂದೆ ಗಿರಾಕಿಗಳು ಹತ್ತಿ ನಿಂತು ಉದ್ದ ನೋಡಿಕೊಳ್ಳುವ ಗಿಡ್ಡ ಸ್ಟೂಲು. ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾಗಿದ್ದರು. ಸಿದ್ಧ ಉಡುಪು ಕೊಂಡು ತಂದು ಇಲ್ಲಿ ಬಿಗಿ, ಇಲ್ಲಿ ಸಡಿಲ ಅನ್ನುವವರೇ ಹೆಚ್ಚು. ಹಾಗಾಗಿ ಅವಳ ದಿನದ ಅರ್ಧ ಕೆಲಸ ಹೊಲಿಯುವುದಲ್ಲ, ಬೇರೆಯವರು ಹೊಲಿದದ್ದನ್ನು ಬಿಚ್ಚುವುದು.

ಮೇಜಿನ ಕೆಳಗೆ ಮಗಳ ಜಾಗ. ಹುಟ್ಟಿದಾಗ ಮುಖ ಕೋಟಿನ ಗುಂಡಿಯ ಹಾಗೆ ದುಂಡಗಿತ್ತೆಂದು ಅಪ್ಪ ಅವಳನ್ನು ಗುಂಡಿ ಎಂದು ಕರೆದದ್ದು ಹಾಗೇ ಉಳಿಯಿತು. ಈಗ ಒಂಬತ್ತು ತುಂಬಿತ್ತು. ಚಿಕ್ಕವಳಿದ್ದಾಗಲೇ ಡಾಕ್ಟರು ಆಟಿಸಂ ಎಂದು ಹೇಳಿದ್ದರು. ಬಾಯಲ್ಲಿ ಬರುತ್ತಿದ್ದದ್ದು ಬೆರಳೆಣಿಕೆಯ ಮಾತು: ಸಾಕು, ಬಾಗಿಲು, ನೀಲಿ, ಇನ್ನೊಂದು. ಅಮ್ಮ ಅನ್ನುವುದು ಅದರಲ್ಲಿ ಇರಲಿಲ್ಲ. ಅಪ್ಪಿಕೊಂಡರೆ ಮೈಯೆಲ್ಲ ಸೆಟೆದು ಹಲಗೆಯಾಗುತ್ತಿದ್ದಳು. ತಲೆ ಬಾಚುವುದೆಂದರೆ ದಿನಬೆಳಗಾದರೆ ಯುದ್ಧ. ಕುತ್ತಿಗೆಗೆ ಚುಚ್ಚುವ ಲೇಬಲ್ಲನ್ನು ಮಗಳ ಪ್ರತಿಯೊಂದು ಬಟ್ಟೆಯಿಂದಲೂ ಬಿಚ್ಚಿ ತೆಗೆದವಳು ಟೇಲರಮ್ಮ, ಅವಳ ಅಂಗಿಗಳ ಒಳಹೊಲಿಗೆ ಮೈಗೆ ತಾಗದಂತೆ ಹೊರಮಗ್ಗುಲಿಗೆ ತಿರುಗಿಸಿ ಹೊಲಿದವಳು ಟೇಲರಮ್ಮ. ಅದಕ್ಕೆಲ್ಲ ಪ್ರತಿಯಾಗಿ ಒಂದು ಸಲ, ಒಂದೇ ಒಂದು ಸಲ, ಮಗಳು ತನ್ನನ್ನು ಹುಡುಕಿಕೊಂಡು ಬರಲಿ ಎಂಬುದು ಅವಳ ಆಸೆ. ಅದನ್ನು ಆಸೆ ಅಂತ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿಕೊಂಡರೆ, ಕೂಲಿ ಕೇಳಿದ ಹಾಗಾಗುತ್ತದೆ ಎಂದು ನಾಚಿಕೆ.

ಗುಂಡಿಗೆ ನಾಲ್ಕು ವರ್ಷವಿದ್ದಾಗ ಒಂದು ಪರೀಕ್ಷೆ ನಡೆದಿತ್ತು. ಕೌನ್ಸೆಲರ್ ಮೇಡಂ ಆಟದ ಸಾಮಾನು ಹರವಿದ ಕೋಣೆಯಲ್ಲಿ ತಾಯಿ ಮಗಳನ್ನು ಕೂರಿಸಿ, ಸ್ವಲ್ಪ ಹೊತ್ತಾದ ಮೇಲೆ ತಾಯಿಗೆ ಎದ್ದುಹೋಗಲು ಸನ್ನೆ ಮಾಡಿದರು. ಬಾಗಿಲಾಚೆ ನಿಂತು ಟೇಲರಮ್ಮ ಒಂದು ಅಳು ಕೇಳಲಿ ಎಂದು ಕಿವಿಯಾನಿಸಿದಳು. ಅಳು ಕೇಳಲಿಲ್ಲ. ವಾಪಸ್ ಬಂದಾಗ ಗುಂಡಿ ತಲೆ ಎತ್ತಲೂ ಇಲ್ಲ, ಆಟದ ಗಾಡಿಯ ಚಕ್ರ ತಿರುಗಿಸುತ್ತಲೇ ಇದ್ದಳು. "ಇದರ ಅರ್ಥ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಅವಳು ತೋರಿಸೋ ದಾರಿ ಬೇರೆ ಇರಬಹುದು," ಎಂದು ಮೇಡಂ ವಿವರಿಸಿದರು. ಟೇಲರಮ್ಮನ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ, ಅದೂ ತಲೆಕೆಳಗಾಗಿ. ಸಮಾಧಾನ ಹೇಳುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ ಎಂಬುದು ಅವಳ ಹಳೆಯ ನಂಬಿಕೆ.

ಆಮೇಲೆ ಕಣ್ಣಿಗೆ ಕಣ್ಣು ಸೇರಿಸುವುದನ್ನು ಕಲಿಸಿ ಎಂದು ಯಾರೋ ಹೇಳಿಕೊಟ್ಟರು. ಅಂದಿನಿಂದ ಅವಳ ಬಾಯಲ್ಲಿ ಒಂದೇ ಜಪ: "ಅಮ್ಮನ್ನ ನೋಡು. ಗುಂಡಿ, ಅಮ್ಮನ್ನ ನೋಡು." ಊಟಕ್ಕೆ ಮೊದಲು, ಚಪ್ಪಲಿ ಹಾಕುವಾಗ, ದೀಪ ಆರಿಸುವಾಗ, ಅಮ್ಮನ್ನ ನೋಡು. ಗುಂಡಿ ಗೋಡೆ ನೋಡುತ್ತಿದ್ದಳು, ಫ್ಯಾನ್ ನೋಡುತ್ತಿದ್ದಳು, ಅಮ್ಮನ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತಿದ್ದಳು.

ಗುಂಡಿ ಹೋಗುತ್ತಿದ್ದ ವಿಶೇಷ ಶಾಲೆಯಲ್ಲಿ ಈ ವರ್ಷ ಹೊಸ ಆಯಾ ಬಂದಿದ್ದಳು. ಗಟ್ಟಿ ಮೈಯ, ಕಡಿಮೆ ಮಾತಿನ ಹೆಂಗಸು. ಅದಕ್ಕೆ ಮೊದಲು ಬಹಳ ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂತಿದ್ದಳಂತೆ, ಬೆನ್ನು ಹಿಡಿದುಕೊಂಡ ಮೇಲೆ ಇಲ್ಲಿಗೆ ಬಂದಳಂತೆ. ಮಕ್ಕಳಿರಲಿಲ್ಲ. ಎರಡನೇ ವಾರವೇ ಒಂದು ಬೆಳಿಗ್ಗೆ, ಗೇಟಿನ ಹತ್ತಿರ, ಗುಂಡಿ ಅಮ್ಮನ ಬೆರಳು ಬಿಟ್ಟು ನೆಟ್ಟಗೆ ನಡೆದು ಹೋಗಿ ಆಯಾಳ ಏಪ್ರನ್ ಜೇಬಿನೊಳಗೆ ತನ್ನ ಮುಷ್ಟಿ ತೂರಿಸಿ ನಿಂತಳು. ಆಯಾ ಕೆಳಗೆ ನೋಡಿ "ಬಂದ್ಯಾ" ಅಂದಳು, ಅಷ್ಟೇ, ಇಬ್ಬರೂ ಒಳಗೆ ಹೋದರು.

ಟೇಲರಮ್ಮನ ಹೊಟ್ಟೆಗೆ ಕೆಂಡ ಬಿದ್ದ ಹಾಗಾಯಿತು. ಅದನ್ನು ಅವಳು ಹೊಟ್ಟೆಕಿಚ್ಚು ಅನ್ನಲಿಲ್ಲ, ಜಾಗ್ರತೆ ಅಂದಳು. "ಆ ಹೆಂಗಸಿನ ಜೇಬಲ್ಲಿ ಏನಿರತ್ತೆ? ಏನೋ ತಿನ್ನೋಕೆ ಕೊಟ್ಟು ಒಗ್ಗಿಸಿಕೊಂಡಿದಾಳೆ," ಎಂದು ಗಂಡನಿಗೆ ಹೇಳಿದಳು.

"ಜೇಬಲ್ಲಿ ಕರ್ಚೀಫ್ ಇರತ್ತೆ ಕಣೇ," ಅಂದ ಅವನು.

"ನೀನು ನೋಡಿದ್ಯಾ?"

ಅವನು ನೋಡಿರಲಿಲ್ಲ.

ಇದಾಗಿ ಕೆಲವು ದಿನಕ್ಕೆ ಮೊದಲ ಸಲ ಅಂಚು ಬಿಚ್ಚಿ ಬಂತು. ಸಂಜೆ ವ್ಯಾನಿನಿಂದ ಇಳಿದ ಗುಂಡಿಯ ಫ್ರಾಕಿನ ಕೆಳ ಅಂಚು ಒಂದು ಗೇಣಿನಷ್ಟು ಜೋತು ಬಿದ್ದಿತ್ತು. ಎಲ್ಲೋ ಸಿಕ್ಕಿ ಹರಿದಿರಬೇಕು ಎಂದು ಬೇರೆ ತಾಯಿಯಾದರೆ ಅಂದುಕೊಳ್ಳುತ್ತಿದ್ದಳು. ಟೇಲರಮ್ಮ ಅಂಚನ್ನು ದೀಪಕ್ಕೆ ಹಿಡಿದಳು. ಬಟ್ಟೆ ಹರಿದಿರಲಿಲ್ಲ. ಒಂದು ನೂಲೂ ಜಗ್ಗಿರಲಿಲ್ಲ. ಯಾರೋ ಪ್ರತಿ ನಾಲ್ಕನೆಯ ಹೊಲಿಗೆಯನ್ನು ಮೊನಚಾದದ್ದರಿಂದ ಎತ್ತಿ, ಹಲ್ಲಿನಿಂದ ಕಡಿದು, ಹಿಂಬದಿಯಿಂದ ದಾರವನ್ನು ನಯವಾಗಿ ಎಳೆದು ತೆಗೆದಿದ್ದರು. ತೂತುಗಳಲ್ಲಿ ಉಳಿಯುವ ಚೂರು ದಾರಗಳನ್ನೂ ಹೆಕ್ಕಿ ತೆಗೆದಿದ್ದರು. ಹೊಲಿಗೆ ಗೊತ್ತಿಲ್ಲದವರು ಎಳೆದು ಹರಿಯುತ್ತಾರೆ, ಬ್ಲೇಡು ಹಾಕಿ ಬಟ್ಟೆ ಕುಯ್ಯುತ್ತಾರೆ. ಇದು ಪಳಗಿದ ಕೈ. ಅವಳ ಕಣ್ಣ ಮುಂದೆ ಗಾರ್ಮೆಂಟ್ಸಿನ ಆಯಾಳೇ ಬಂದು ನಿಂತಳು.

ಗುಂಡಿ ಬಟ್ಟೆ ಬದಲಿಸುವುದು ಸ್ನಾನದ ಹೊತ್ತಿಗೆ ಮಾತ್ರ, ನಡುವೆ ಕಳಚಲು ಹೋದರೆ ಕಟ್ಟಡವೇ ಕಿತ್ತುಹೋಗುವ ಹಾಗೆ ಕೂಗುತ್ತಾಳೆ. ಹಾಗಾಗಿ ಅವಳನ್ನು ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ನಿಲ್ಲಿಸಿ, ಮೈಮೇಲಿದ್ದಂತೆಯೇ ಅಂಚನ್ನು ಮಡಚಿ ಕೈಯಲ್ಲಿ ಹೊಲಿಯಬೇಕು. ಟೇಲರಮ್ಮ ಮಂಡಿಯೂರಿ, ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ತಲೆ ತಗ್ಗಿಸಿ ಹೊಲಿದಳು. ಗುಂಡಿ ಒಂದಿಷ್ಟೂ ಅಲುಗಲಿಲ್ಲ. ಟೇಲರಮ್ಮನ ತಲೆಯೊಳಗೆ ಮಾತ್ರ ಆಯಾ ಕೂತಿದ್ದಳು, ಹಾಗಾಗಿ ಬೇರೆ ಯಾವುದೂ ಅವಳ ಗಮನಕ್ಕೆ ಬರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಬಿಚ್ಚಿತ್ತು. ಆಮೇಲೆ ಮತ್ತೆ. ಒಂದು ಸಲ ನೀಲಿ ಫ್ರಾಕು, ಒಂದು ಸಲ ಗೆರೆಯದ್ದು. ಪ್ರತಿ ಸಲವೂ ಅದೇ ಚೊಕ್ಕ ಕೆಲಸ.

"ಅವಳಿಗೇನು ಲಾಭ ಹೇಳು?" ಎಂದ ಗಂಡ. "ಅಂಚಲ್ಲಿ ಬಂಗಾರ ಇಟ್ಟು ಹೊಲಿದಿದೀಯಾ ನೀನು?"

"ನಾನು ಹರಕಲು ಬಟ್ಟೆ ಹಾಕಿ ಕಳಿಸ್ತೀನಿ ಅಂತ ಎಲ್ಲರಿಗೂ ಕಾಣ್ಲಿ ಅಂತ. ತಾಯಿಗೆ ಗಮನ ಇಲ್ಲ, ತಾನೇ ನೋಡ್ಕೋಬೇಕು ಅಂತ. ಮಕ್ಕಳಿಲ್ಲದ ಹೆಂಗಸು. ಒಂದು ಮಗು ತಾನಾಗೇ ಜೇಬಿಗೆ ಕೈ ಹಾಕಿದ್ರೆ ಬಿಡ್ತಾಳಾ?"

ಗಂಡ ನಗಲು ಹೋಗಿ ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅಲ್ಲಿದ್ದದ್ದು ಬರೀ ಗುಮಾನಿಯಲ್ಲ, ಹೆದರಿಕೆ. ಮಗಳು ಯಾರನ್ನೂ ಹಚ್ಚಿಕೊಳ್ಳುವುದಿಲ್ಲ ಅನ್ನುವುದನ್ನು ಹಲ್ಲು ಕಚ್ಚಿ ಸಹಿಸಿದ್ದಳು ಅವಳು. ಮಗಳು ಹಚ್ಚಿಕೊಳ್ಳುತ್ತಾಳೆ, ಆದರೆ ತನ್ನನ್ನಲ್ಲ ಅನ್ನುವುದನ್ನು ಸಹಿಸಲು ಅವಳಲ್ಲಿ ಶಕ್ತಿ ಇರಲಿಲ್ಲ.

ಶಾಲೆಯ ವರಾಂಡದಲ್ಲಿ ತಾಯಂದಿರಿಗೆಂದು ಒಂದು ಬೆಂಚು ಇತ್ತು. ತಿಂಗಳಿಗೊಮ್ಮೆ ಶಾಲೆ ನಡೆಸುವ ದೊಡ್ಡ ಮೇಡಂ ತಾಯಂದಿರನ್ನು ಕರೆದಾಗ ಎಲ್ಲರೂ ಅಲ್ಲಿ ಸರದಿಗೆ ಕೂರುತ್ತಿದ್ದರು. ಅವತ್ತು ಟೇಲರಮ್ಮನ ಪಕ್ಕ ಕೂತಿದ್ದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತಾಯಿ. ನೆಟ್ಟಗೆ ಮಾತಾಡುವ ಹೆಂಗಸು.

"ಮೊನ್ನೆ ಯಾರೋ ನಂಗೆ, ದೇವರು ನಿಮ್ಮಂಥ ವಿಶೇಷ ತಾಯಂದಿರನ್ನ ಆರಿಸಿ ಆರಿಸಿ ಇಂಥ ಮಕ್ಕಳನ್ನ ಕೊಡ್ತಾನೆ ಅಂದ್ರು," ಎಂದಳು ಬ್ಯಾಂಕಿನವಳು. "ಆರಿಸೋವಾಗ ಒಂದು ಮಾತು ಕೇಳಬಹುದಿತ್ತಲ್ಲ ಅಂದೆ. ಬಾಯಿ ಮುಚ್ಕೊಂಡ್ರು."

ಟೇಲರಮ್ಮ ನಕ್ಕಳು. ನಕ್ಕದ್ದರಿಂದ ಧೈರ್ಯ ಬಂದು, ಎಂದೂ ಕೇಳದ್ದನ್ನು ಕೇಳಿದಳು. "ನಿಮ್ಮ ಮಗ ನಿಮ್ಮನ್ನ ಹುಡುಕ್ತಾನಾ?"

ಬ್ಯಾಂಕಿನವಳು ತನ್ನ ಅಂಗೈ ನೋಡಿಕೊಂಡಳು. "ನನ್ನ ಕೈನ ಅವನು ಕೈ ಅಂತ ಹಿಡಿಯಲ್ಲ. ಚಿಲಕ ತೆಗೆಯೋ ಸಾಮಾನು ಅಂತ ಹಿಡೀತಾನೆ. ಎಳ್ಕೊಂಡು ಹೋಗಿ ಚಿಲಕದ ಮೇಲೆ ಇಡ್ತಾನೆ. ಮೊದಲೆಲ್ಲ ಅಳು ಬರ್ತಿತ್ತು. ಆಮೇಲೆ ನೋಡಿದೆ, ಮನೇಲಿ ಅಷ್ಟು ಜನ ಇದ್ರೂ ಚಿಲಕ ತೆಗೆಯೋಕೆ ಬೇರೆ ಯಾರ ಕೈನೂ ಹಿಡಿಯಲ್ಲ ಅವನು."

ಒಳ್ಳೆಯ ಮಾತೇ. ಆದರೆ ಆ ಹೊತ್ತಿಗೆ ಸರಿಯಾಗಿ ವರಾಂಡದ ಆ ತುದಿಯಲ್ಲಿ ಆಯಾ ಕಂಡಳು, ಪಕ್ಕದಲ್ಲಿ ಗುಂಡಿ, ಜೇಬಿನಲ್ಲಿ ಮುಷ್ಟಿ, ಫ್ರಾಕಿನ ಅಂಚು ಜೋತಾಡುತ್ತಿದೆ. ಬೆಳಿಗ್ಗೆ ತಾನೇ ನೋಡಿ, ಜಗ್ಗಿ ಪರೀಕ್ಷಿಸಿ ಕಳಿಸಿದ ಅಂಚು.

ಟೇಲರಮ್ಮ ಎದ್ದು ನಿಂತಳು. ಬೆಂಚಿನ ಮೇಲೆ ಅಷ್ಟೂ ತಾಯಂದಿರು, ಬಾಗಿಲಲ್ಲಿ ದೊಡ್ಡ ಮೇಡಂ. "ನನ್ನ ಮಗಳ ಬಟ್ಟೆ ದಿನಾ ಬಿಚ್ಚೋದು ಯಾಕೆ ನೀನು?" ಎಂದು ಕೇಳಿದಳು. ನೀವು ಅನ್ನುವುದು ನೀನು ಆಗಿಹೋಗಿತ್ತು. ಆಯಾಳಿಗೆ ಅರ್ಥವಾಗಲಿಲ್ಲ. ಟೇಲರಮ್ಮ ಅಂಚನ್ನು ಎತ್ತಿ ಹಿಡಿದು, ನಾಲ್ಕನೆಯ ಹೊಲಿಗೆ, ಹಲ್ಲಿನ ಕಡಿತ, ಹಿಂಬದಿಯ ಎಳೆತ ಎಲ್ಲವನ್ನೂ ವಕೀಲರು ವಾದಿಸುವಂತೆ ಒಂದೊಂದಾಗಿ ತೋರಿಸಿದಳು. "ಇಲ್ಲಿ ಹೊಲಿಗೆ ಬಲ್ಲವರು ಇನ್ಯಾರಿದ್ದಾರೆ ಹೇಳಿ," ಎಂದು ಮೇಡಂ ಕಡೆ ತಿರುಗಿದಳು. ವಾದ ನಿಜವಾಗಿಯೂ ಗಟ್ಟಿಯಾಗಿತ್ತು.

ಆಯಾಳ ಮುಖ ಕಪ್ಪಿಟ್ಟಿತು. "ನಾನು ಮುಟ್ಟಿಲ್ಲ," ಅಂದಳು. ಕಡಿಮೆ ಮಾತಿನವರ ಕಷ್ಟವೇ ಅದು, ನಿಜವೂ ಅವರ ಬಾಯಲ್ಲಿ ಗಿಡ್ಡವಾಗಿ ಕೇಳುತ್ತದೆ.

ದೊಡ್ಡ ಮೇಡಂಗೆ ರಗಳೆ ಬೇಡವಾಗಿತ್ತು. ಮರುದಿನದಿಂದ ಆಯಾಳನ್ನು ಮಕ್ಕಳ ಕೋಣೆಯಿಂದ ತೆಗೆದು, ಹಿಂಬದಿಯಲ್ಲಿ ಪಾತ್ರೆ, ಬಚ್ಚಲು, ಒಗೆತಕ್ಕೆ ಹಾಕಿದರು. ಗುಂಡಿಯನ್ನು ಹೊಸಬಳೊಬ್ಬಳಿಗೆ ವಹಿಸಿದರು. ಗುಂಡಿ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಜೇಬು ಹುಡುಕಿದಳು. ಹೊಸಬಳ ಏಪ್ರನ್ನಿಗೆ ಜೇಬು ಇರಲಿಲ್ಲ. ಗುಂಡಿ ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡು ಕೂಗಿದಳು, ಮರುದಿನವೂ ಕೂಗಿದಳು. "ನೋಡಿದ್ಯಾ, ಎಷ್ಟು ಚಟ ಹಿಡಿಸಿದಾಳೆ," ಅಂದಳು ಟೇಲರಮ್ಮ ಗಂಡನಿಗೆ. ಅವನು ಮಗಳ ಮಣಿಕಟ್ಟಿಗೆ ಮುಲಾಮು ಹಚ್ಚುತ್ತಿದ್ದ, ತಲೆ ಎತ್ತಲಿಲ್ಲ.

ಆಶ್ಚರ್ಯವೆಂದರೆ ಆ ವಾರವೂ ಅಂಚು ಬಿಚ್ಚಿ ಬಂತು. ಗುಮಾನಿಗೆ ಕಾಲು ಬಂದರೆ ಅದು ನಿಲ್ಲುವುದಿಲ್ಲ. ಹಿಂದಿನ ಬಾಗಿಲಿನಿಂದ ಕದ್ದು ಬರುತ್ತಾಳೆ ಎಂದಿತು ಟೇಲರಮ್ಮನ ಮನಸ್ಸು. ಹೊಸಬಳನ್ನು ತನ್ನ ಕಡೆ ಮಾಡಿಕೊಂಡಿದ್ದಾಳೆ ಎಂದಿತು. ವ್ಯಾನಿನ ಡ್ರೈವರನ್ನೂ ಒಂದು ಸುತ್ತು ಅನುಮಾನಿಸಿ, ಅವನ ದಪ್ಪ ಬೆರಳು ನೋಡಿ ಬಿಟ್ಟಳು. ಕೊನೆಗೆ ಕಡ್ಡಿ ಮುರಿದ ಹಾಗೆ ಹೇಳಿದಳು, "ಶಾಲೆಯೇ ಬೇಡ. ನನ್ನ ಕಣ್ಣ ಮುಂದೆ ಇರ್ಲಿ."

ಮಗಳು ಅಂಗಡಿಗೆ ಬಂದಳು. ಮೇಜಿನ ಕೆಳಗೆ ಬಟನ್ ಡಬ್ಬಿ ಇಟ್ಟುಕೊಂಡು, ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಒಂದು ಕಡೆ ಹಾಕುತ್ತ ಕೂತಳು. ಶಾಲೆ ಬಿಡಿಸಿದ ತಪ್ಪಿನ ಭಾವನೆ ಟೇಲರಮ್ಮನಿಗೆ ಒಳಗೇ ಇತ್ತು. ಅದನ್ನು ತೀರಿಸಿಕೊಳ್ಳಲು ಅವಳು ಮಗಳ ಬಟ್ಟೆಗಳನ್ನೆಲ್ಲ ಹಿಡಿದು ಕೂತಳು. ಉದ್ದವಾಗಿ ಬೆಳೆದಿದ್ದಾಳೆ, ಎಲ್ಲ ಫ್ರಾಕುಗಳ ಮಡಿಕೆ ಇಳಿಸಬೇಕು. ದಿನಕ್ಕೊಂದು ಫ್ರಾಕು, ಪ್ರತಿ ಮಧ್ಯಾಹ್ನ ಸ್ಟೂಲಿನ ಮೇಲೆ ನಿಲ್ಲಿಸಿ ಅಳತೆ, ಗುಂಡುಸೂಜಿ, ಹೊಲಿಗೆ. ಆ ದಿನಗಳಲ್ಲಿ ಒಂದು ಅಂಚೂ ಬಿಚ್ಚಲಿಲ್ಲ.

"ಈಗೇನಂತೀಯಾ?" ಎಂದು ಗೆದ್ದವಳ ಹಾಗೆ ಗಂಡನನ್ನು ಕೇಳಿದಳು. "ಶಾಲೆ ಬಿಟ್ಟ ಮೇಲೆ ಬಿಚ್ಚಿತಾ? ಇನ್ನೇನು ಸಾಕ್ಷಿ ಬೇಕು?"

"ಸಾಕ್ಷಿ ಚೆನ್ನಾಗಿದೆ," ಅಂದ ಅವನು. "ಮಗು ಮಾತ್ರ ಚೆನ್ನಾಗಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ಬಾಗಿಲು ಅಂತಾಳೆ. ಶಾಲೆಗೆ ಹೊರಡೋ ಹೊತ್ತಿಗೆ."

ಅಷ್ಟರಲ್ಲಿ ಶಾಲೆಗಳು ಶುರುವಾಗುವ ಕಾಲ ಬಂತು. ಸಮವಸ್ತ್ರಗಳ ರಾಶಿ ಮೇಜು ತುಂಬಿ ನೆಲಕ್ಕಿಳಿಯಿತು. ಎಲ್ಲರಿಗೂ ನಾಳೆಯೇ ಬೇಕು. ಟೇಲರಮ್ಮನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಮಗಳಿಗೆ ಊಟ ಕೊಟ್ಟು, ಅಮ್ಮನ್ನ ನೋಡು ಎಂದು ಅಭ್ಯಾಸಬಲದಿಂದ ಅಂದು, ಮತ್ತೆ ಯಂತ್ರಕ್ಕೆ ಬೀಳುತ್ತಿದ್ದಳು. ಸ್ಟೂಲಿನ ಮೇಲೂ ಬಟ್ಟೆಯ ಗಂಟು ಹತ್ತಿ ಕೂತಿತ್ತು.

ಒಂದು ಮಧ್ಯಾಹ್ನ ಪ್ಯಾಂಟಿನ ಕಾಲು ಯಂತ್ರಕ್ಕೆ ಕೊಟ್ಟು ಕುತ್ತಿಗೆ ನೋವಿಗೆ ತಲೆ ಎತ್ತಿದಾಗ ಅವಳ ಕಣ್ಣು ಕನ್ನಡಿಗೆ ಬಿತ್ತು. ಕನ್ನಡಿಯಲ್ಲಿ ಮೇಜಿನ ಕೆಳಭಾಗ ಕಾಣುತ್ತಿತ್ತು. ಗುಂಡಿ ಬಟನ್ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ್ದಳು. ತನ್ನ ಫ್ರಾಕಿನ ಅಂಚನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡು, ತಲೆಯ ಪಿನ್ನನ್ನು ತೆಗೆದು, ಅದರ ತುದಿಯಿಂದ ಒಂದು ಹೊಲಿಗೆ ಎತ್ತಿದಳು. ಬಗ್ಗಿ ಹಲ್ಲಿನಿಂದ ಕಡಿದಳು. ಮೂರು ಬಿಟ್ಟು ಮುಂದಿನದನ್ನು ಎತ್ತಿದಳು. ಒಂದು ಗೇಣು ಆದ ಮೇಲೆ ಅಂಚನ್ನು ತಿರುಗಿಸಿ, ಹಿಂಬದಿಯ ದಾರವನ್ನು ಆತುರವಿಲ್ಲದೆ ಎಳೆದಳು. ಅದು ಮುರಿಯದೆ ಬಂತು. ಆಮೇಲೆ ತೂತುಗಳಲ್ಲಿ ಉಳಿದ ಚೂರುಗಳನ್ನು ಉಗುರಿನಿಂದ ಒಂದೊಂದಾಗಿ ಹೆಕ್ಕಿ, ಬೆರಳ ತುದಿಯಲ್ಲಿ ಉಂಡೆ ಮಾಡಿ, ಗೋಡೆಯ ಮೂಲೆಗೆ ಇಟ್ಟಳು. ಟೇಲರಮ್ಮ ತಾನೂ ಹಾಗೆಯೇ ಉಂಡೆ ಮಾಡಿ ಅದೇ ಮೂಲೆಗೆ ಎಸೆಯುವವಳು.

ಯಂತ್ರ ತನ್ನ ಪಾಡಿಗೆ ಓಡಿ ಪ್ಯಾಂಟಿನ ಕಾಲನ್ನು ದಾಟಿ ನಿಂತಿತು. ಹುಟ್ಟಿದಾಗಿನಿಂದ ಈ ಮೇಜಿನ ಕೆಳಗೆ ಕೂತು ಮಗಳು ನೋಡಿದ್ದು ಫ್ಯಾನೂ ಅಲ್ಲ, ಗಾಳಿಯೂ ಅಲ್ಲ. ತನ್ನ ಕೈ. ಅಮ್ಮನ್ನ ನೋಡು ಎಂದು ಗಂಟಲು ಹರಿದುಕೊಂಡವಳಿಗೆ, ಅವಳು ನೋಡುತ್ತಲೇ ಇದ್ದಾಳೆ ಎಂಬುದು ಗೊತ್ತಾಗಿರಲಿಲ್ಲ. ಹೊಲಿಗೆಯ ಕಸುಬು ಬಲ್ಲವರು ಇಲ್ಲಿ ಇನ್ಯಾರಿದ್ದಾರೆ ಎಂದು ಬೆಂಚಿನ ಮುಂದೆ ಕೇಳಿದ್ದಳಲ್ಲ, ಬಲ್ಲವಳು ಅವಳ ಎದುರಿಗೇ ನಿಂತಿದ್ದಳು.

ಗುಂಡಿ ಮೇಜಿನ ಕೆಳಗಿನಿಂದ ಎದ್ದಳು. ಸ್ಟೂಲಿನ ಮೇಲಿದ್ದ ಬಟ್ಟೆ ಗಂಟನ್ನು ಎರಡೂ ಕೈಯಿಂದ ನೆಲಕ್ಕೆ ನೂಕಿದಳು. ಹತ್ತಿ ನಿಂತಳು. ಅಮ್ಮನ ಕಡೆ ನೋಡಲಿಲ್ಲ, ಗೋಡೆಯ ಕಡೆ ನೋಡಿದಳು. ಬಿಚ್ಚಿದ ಅಂಚನ್ನು ಮಾತ್ರ ಅಮ್ಮನ ಕಡೆಗೆ ತಿರುಗಿಸಿ ನಿಂತಳು.

ಟೇಲರಮ್ಮ ಗುಂಡುಸೂಜಿಗಳನ್ನು ತುಟಿಗೆ ಕಚ್ಚಿಕೊಂಡು ಮಂಡಿಯೂರಿದಳು. ಎಂದೂ ಗಮನಿಸದ್ದನ್ನು ಇವತ್ತು ಗಮನಿಸಿದಳು. ಬಾಯಲ್ಲಿ ಸೂಜಿ ಇದ್ದಾಗ ತಾನು ಮಾತಾಡುವುದಿಲ್ಲ. ಅಮ್ಮನ್ನ ನೋಡು ಅನ್ನುವುದಿಲ್ಲ, ಗಲ್ಲ ಹಿಡಿದು ತಿರುಗಿಸುವುದಿಲ್ಲ, ಅಪ್ಪಿಕೊಳ್ಳಲು ಹೋಗುವುದಿಲ್ಲ. ತಲೆ ತಗ್ಗಿಸಿ ಮಗಳ ಮೊಣಕಾಲಿನ ಹತ್ತಿರ ಸುಮ್ಮನೆ ಇರುತ್ತಾಳೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಏನೋ ಹಗುರಾಗಿ ಕೂತಿತು. ಮಗಳ ಅಂಗೈ. ಎಷ್ಟು ಸಲ ಹೀಗೆ ಕೂತಿತ್ತೋ, ಸ್ಟೂಲಿನಿಂದ ಬೀಳದಿರಲು ಆಸರೆಗೆ ಇಟ್ಟಿದ್ದಾಳೆ ಎಂದುಕೊಂಡು ಟೇಲರಮ್ಮ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಣ್ಣು ಮಂಜಾಗಿ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಸುಖಕ್ಕೂ ನಾಚಿಕೆಗೂ ಒಟ್ಟಿಗೆ ಅತ್ತಳು ಅವಳು, ತುಟಿ ಬಿಗಿ ಹಿಡಿದು, ಸೂಜಿ ಬೀಳದ ಹಾಗೆ.

ಸುಖ ಮನೆಯ ಮಟ್ಟಿಗೆ. ನಾಚಿಕೆಯನ್ನು ಶಾಲೆಗೆ ಹೊತ್ತುಕೊಂಡು ಹೋಗಬೇಕಿತ್ತು. ಮರುದಿನ ಬೆಳಿಗ್ಗೆ ಹಿಂಬದಿಯ ಒಗೆಯುವ ಕಲ್ಲಿನ ಹತ್ತಿರ ಆಯಾಳನ್ನು ಹುಡುಕಿಕೊಂಡು ಹೋದಳು. ಆಯಾ ಮಕ್ಕಳ ಟವೆಲ್ ಹಿಂಡುತ್ತಿದ್ದಳು. ಬೆನ್ನಿಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು. ಟೇಲರಮ್ಮ ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಅಂದಳು.

ಆಯಾ ಟವೆಲ್ ಕೊಡವಿ ತಂತಿಗೆ ಹಾಕಿದಳು. "ಅಷ್ಟು ವರ್ಷ ಕಾರ್ಖಾನೇಲಿದ್ದೆ. ದಿನಾ ಗೇಟಲ್ಲಿ ಮೈ ತಡವಿ ಹೊರಗೆ ಬಿಡ್ತಿದ್ರು. ಅಲ್ಲೂ ಯಾರೂ ನನಗೆ ಈ ಥರ ಮಾತು ಅಂದಿರಲಿಲ್ಲ."

"ಗೊತ್ತು."

"ನಿಮಗೆ ಗೊತ್ತಾಗಲ್ಲ. ನೀವು ಬೆಂಚಿನ ಮುಂದೆ ಅಂದ್ರಿ. ಒಗೆಯೋ ಕಲ್ಲಿನ ಹತ್ತಿರ ತಪ್ಪಾಯ್ತು ಅಂತೀರಿ."

ಟೇಲರಮ್ಮನಿಗೆ ಅಷ್ಟು ಸಾಕಾಯಿತು. ತಾಯಂದಿರನ್ನು ಕರೆಯುವ ದಿನ ಬರುವವರೆಗೆ ಕಾದು, ಬೆಂಚು ತುಂಬಿದ ಮೇಲೆ ಎದ್ದು ನಿಂತು ಮತ್ತೆ ಹೇಳಿದಳು. ಮೊದಲ ಸಲ ವಕೀಲರ ಹಾಗೆ ಹರಿದ ಮಾತು ಈ ಸಲ ತೊದಲಿತು. ದೊಡ್ಡ ಮೇಡಂ ನೆಲ ನೋಡಿದರು, ಅವರ ಪಾಲೂ ಅದರಲ್ಲಿತ್ತು. ಬ್ಯಾಂಕಿನವಳು ಸರಿದು ಟೇಲರಮ್ಮನಿಗೆ ಕೂರಲು ಜಾಗ ಮಾಡಿದಳು. ಆಯಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿ, "ಸರಿ," ಅಂದು ಒಳಗೆ ಹೋದಳು. ಕ್ಷಮಿಸಿದಳೋ ಇಲ್ಲವೋ ಮುಖ ನೋಡಿ ಹೇಳುವ ಹಾಗಿರಲಿಲ್ಲ, ಟೇಲರಮ್ಮ ನೋಡಿದ್ದು ನೋಡಿದ್ದೇ. ಆದರೆ ಆಯಾಳನ್ನು ಮಕ್ಕಳ ಕೋಣೆಗೆ ವಾಪಸ್ ಕರೆದರು, ಗುಂಡಿಯೂ ಶಾಲೆಗೆ ವಾಪಸ್ ಬಂದಳು, ಗೇಟಿನ ಹತ್ತಿರ ಮುಷ್ಟಿ ಜೇಬು ಸೇರಿತು.

ಗುಣ ಅಷ್ಟು ಬೇಗ ಎಲ್ಲಿ ಹೋಗುತ್ತದೆ? ಕೆಲವು ವಾರ ಕಳೆದು ಒಂದು ಸಂಜೆ ಗುಂಡಿ ವ್ಯಾನಿನಿಂದ ಇಳಿದಾಗ ಟೇಲರಮ್ಮನ ಕಣ್ಣು ನೆಟ್ಟಗೆ ಅಂಚಿಗೇ ಹೋಯಿತು. ಎಡಮಗ್ಗುಲಿಗೆ ಒಂದು ಗೇಣು ಬೇರೆ ಬಣ್ಣದ ದಾರ. ಬಿಚ್ಚಿದ್ದನ್ನು ಯಾರೋ ಅಲ್ಲಿಯೇ ಹೊಲಿದಿದ್ದರು. ಒತ್ತೊತ್ತಾದ, ಒಂದೇ ಅಳತೆಯ ಪುಟ್ಟ ಹೊಲಿಗೆ, ಕಾರ್ಖಾನೆಯ ಕೈ. ಅಂದರೆ ಗುಂಡಿ ಅಲ್ಲಿಯೂ ಬಿಚ್ಚಿದ್ದಾಳೆ, ಅಲ್ಲಿಯೂ ಆಯಾಳ ಮುಂದೆ ಅಂಚು ತಿರುಗಿಸಿ ನಿಂತಿದ್ದಾಳೆ, ಆ ತಲೆಯ ಮೇಲೂ ಅಂಗೈ ಇಟ್ಟಿರಬಹುದು. ಎದೆಯೊಳಗೆ ಹಳೆಯ ಕೆಂಡ ಮಿಣ್ಣಗೆ ಉರಿಯಿತು. ಬೇರೆಯವರು ಹೊಲಿದದ್ದನ್ನು ಬಿಚ್ಚಿ ತಾನು ಹೊಲಿಯುವುದು ಅವಳ ಕಸುಬೇ ಅಲ್ಲವೇ? ಕೈ ಆಗಲೇ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಹಿಡಿದಿತ್ತು.

ಗುಂಡಿ ಸ್ಟೂಲು ಹತ್ತಿ ಗೋಡೆ ನೋಡುತ್ತ ಸ್ವಲ್ಪ ತಿರುಗಿದಳು. ಬಲಮಗ್ಗುಲಿಗೆ ಇನ್ನೊಂದು ಗೇಣು ಅಂಚು ಬಿಚ್ಚಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಮಗಳು ಅದನ್ನು ದಾರಿಯುದ್ದಕ್ಕೂ ಹಾಗೇ ಉಳಿಸಿಕೊಂಡು ಬಂದಿದ್ದಳು. ಟೇಲರಮ್ಮ ಕೊಕ್ಕೆಯನ್ನು ಮೇಜಿನ ಮೇಲಿಟ್ಟಳು. ಗುಂಡುಸೂಜಿಗಳನ್ನು ಬಾಯಿಗೆ ಹಾಕಿಕೊಂಡು ಮಂಡಿಯೂರಿ, ಆಯಾಳ ಹೊಲಿಗೆ ಎಲ್ಲಿ ಮುಗಿದಿದೆ ಎಂದು ಬೆರಳಲ್ಲಿ ಸವರಿ ನೋಡಿ, ಅದನ್ನು ಹಾಗೇ ಬಿಟ್ಟು, ತನ್ನ ಪಾಲಿನದನ್ನು ಹೊಲಿಯಲು ಕೂತಳು.